ಸದರಿ ಹವಾಲ್ದಾರನ ಬಡ್ತಿ

ಫೌಜಿನಲ್ಲಿ ಬಡ್ತಿ ಸಿಗಬೇಕಾದರೆ ಏನೇನು ಮಾಡಬೇಕು ಎಂಬುದನ್ನು ನಮ್ಮ ಕಂಪನಿಯ ನೋಟಿಸ್ ಬೋರ್ಡಿನಲ್ಲಿ ಒಂದೇ ಹಾಳೆಯಲ್ಲಿ ಬರೆದು ಹಚ್ಚಿದ್ದಾರೆ. ಬಡ್ತಿ ಬೇಕಾದವನ ಬೀಗರು ಏನೇನು ಮಾಡಬಾರದು ಎಂಬುದನ್ನು ಮಾತ್ರ ಯಾರೂ ಎಲ್ಲೂ ಬರೆದಿಲ್ಲ. ಆ ಎರಡನೆಯ ಹಾಳೆ ಇಲ್ಲದ್ದರಿಂದಲೇ ನನ್ನ ಬದುಕಿನಲ್ಲಿ ಇಂಥವು ನಡೆಯುತ್ತ ಬಂದಿವೆ.

ನಾನು ಗುಡೂರಿನವನು. ಹತ್ತೊಂಬತ್ತನೆಯ ವಯಸ್ಸಿಗೆ ಸಿಪಾಯಿಯಾಗಿ ಸೇರಿದೆ. ಲ್ಯಾನ್ಸ್ ನಾಯಕ, ನಾಯಕ, ಹವಾಲ್ದಾರ ಎಂದು ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಇಪ್ಪತ್ತೆರಡು ವರ್ಷ ಸಂದವು. ಮುಂದಿನ ಮೆಟ್ಟಿಲು ನಾಯಬ್ ಸುಬೇದಾರ್. ಅಲ್ಲಿಗೆ ತೋಳಿನ ಪಟ್ಟಿ ಹೋಗಿ ಭುಜದ ಮೇಲೆ ನಕ್ಷತ್ರ ಬರುತ್ತದೆ. ಒಂದು ಭುಜದ ನಕ್ಷತ್ರವನ್ನು ಕಮಾಂಡಿಂಗ್ ಆಫೀಸರು, ಇನ್ನೊಂದನ್ನು ಹೆಂಡತಿ ಹಚ್ಚುವುದು ನಮ್ಮಲ್ಲಿಯ ರೂಢಿ. ಈ ರೂಢಿಯನ್ನು ಮದುವೆಯಾದ ಹೊಸದರಲ್ಲಿ ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿದ್ದು ನನ್ನ ಮೊದಲನೆಯ ತಪ್ಪು.

ಅವಳು ಅದೇ ತಿಂಗಳು ಒಂದು ಇಳಕಲ್ ಸೀರೆ, ಅದಕ್ಕೊಪ್ಪುವ ಗುಳೇದಗುಡ್ಡದ ಖಣ ತಂದು ಟ್ರಂಕಿನಲ್ಲಿ ಎತ್ತಿಟ್ಟಳು. ನಕ್ಷತ್ರ ಹಚ್ಚುವ ದಿನ ಉಡಬೇಕಂತೆ. ಒಂದೇ ಮಡಿಕೆಯಲ್ಲಿ ಬಹಳ ದಿನ ಇದ್ದರೆ ರೇಷ್ಮೆ ಸೀಳುತ್ತದೆಂದು ವರ್ಷಕ್ಕೊಮ್ಮೆ ಹೊರಗೆ ತೆಗೆದು ಮಡಿಕೆ ಬದಲಿಸುತ್ತಾಳೆ. ನಾನು ರಜೆಗೆ ಬಂದಾಗಲೇ ಬದಲಿಸುತ್ತಾಳೆ, ನನ್ನೆದುರಿಗೇ ಬದಲಿಸುತ್ತಾಳೆ. ಹದಿನಾರು ವರ್ಷದಲ್ಲಿ ಈ ವಿಷಯಕ್ಕೆ ಒಂದು ಮಾತು ಆಡಿದವಳಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈ ಸಲದ್ದು ಕೊನೆಯ ಅವಕಾಶವಾಗಿತ್ತು. ತಪ್ಪಿದರೆ ಹವಾಲ್ದಾರನಾಗಿಯೇ ಪಿಂಚಣಿ ಹಿಡಿದು ಮನೆಗೆ. ಆಸೆ ಇರಲಿಲ್ಲ ಎಂದು ಸುಳ್ಳು ಹೇಳಲಾರೆ, ಬಹಳ ಆಸೆಯಿತ್ತು. ಹಾಗಾಗಿ ಎರಡು ತಿಂಗಳ ರಜೆಯಲ್ಲಿಯೇ ತಯಾರಿಯ ಯೋಜನೆ ಹಾಕಿಕೊಂಡೆ: ಓಡುವುದು, ನಕಾಶೆ ಓದುವುದು, ಯಾವ ತಂಟೆಗೂ ಸಿಕ್ಕಿಕೊಳ್ಳದಿರುವುದು. ಮೊದಲಿನವೆರಡು ನನ್ನ ಕೈಯಲ್ಲಿದ್ದವು. ಮೂರನೆಯದು ನನ್ನ ಮಾವನವರ ಕೈಯಲ್ಲಿತ್ತು.

ಪತ್ರಿಕೆಯಲ್ಲಿ ಮೇಜರ್

ಮಾವನವರು ಹುನಗುಂದದಲ್ಲಿರುವ ನಿವೃತ್ತ ಹೆಡ್‌ಮಾಸ್ತರರು. ಅವರಿಗೆ ನನ್ನ ಮೇಲೆ ಪ್ರೀತಿಯೇ ಇದೆ, ಸಿಟ್ಟು ಏನಿದ್ದರೂ ಹವಾಲ್ದಾರ ಎಂಬ ಹೆಸರಿನ ಮೇಲೆ. ಮಗಳನ್ನು ಕೊಡುವಾಗ ನಡುವಿನ ಹಿರಿಯರೊಬ್ಬರು "ಐದ ವರ್ಷದಾಗ ಸುಬೇದಾರ ಆಕ್ಕಾನ್ರಿ" ಎಂದು ಮಾತು ಕೊಟ್ಟಿದ್ದರು. ಆ ಹಿರಿಯರು ತೀರಿಕೊಂಡರು, ಮಾತು ಉಳಿಯಿತು. ಪ್ರತಿ ಯುಗಾದಿಗೆ ಬೇವು ಬೆಲ್ಲ ಕೈಗೆ ಹಾಕುತ್ತ ಮಾವನವರು "ಈ ವರ್ಷ ಏನರ ಆಕ್ಕೈತೇನ್ರಿ ಅಳ್ಯಾರ?" ಎಂದು ಕೇಳುತ್ತಾರೆ. ನನಗೆ ಬೇವಷ್ಟೇ ಬಾಯಿಗೆ ಬರುತ್ತದೆ.

ಆ ರಜೆಯಲ್ಲಿ ಇಳಕಲ್ಲಿನಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆಯಿತ್ತು. ಪತ್ರಿಕೆ ಕೈಗೆ ಬಂತು. ಕೆಳಗಡೆ ತಮ್ಮ ಸುಖಾಗಮನ ಬಯಸುವವರ ಸಾಲು: ಒಬ್ಬರು ಶಿಕ್ಷಕರು, ಒಬ್ಬರು ಪಿಡಿಓ, ಒಬ್ಬರು ಗ್ರಾನೈಟ್ ವ್ಯಾಪಾರಸ್ಥರು, ಅವರೆಲ್ಲರಿಗಿಂತ ದಪ್ಪ ಅಕ್ಷರದಲ್ಲಿ ನಾನು, 'ಮೇಜರ್, ಭಾರತೀಯ ಸೇನೆ'. ಇಲ್ಲದ ಹುದ್ದೆ ಹಾಕಿಕೊಂಡದ್ದು ಘಟಕಕ್ಕೆ ಗೊತ್ತಾದರೆ ಇದ್ದ ಹುದ್ದೆಗೂ ಸಂಚಕಾರ. ಸೀದಾ ಇಳಕಲ್ಲಿನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದೆ. ಮಾಲಕರು ವಯಸ್ಸಾದ ಸಾಹೇಬರು, ಊರಿಗೆಲ್ಲ ಚಾಚಾ.

"ಚಾಚಾ, ನಾ ಮೇಜರ್ ಅಲ್ಲರಿ."

"ನಿಮ್ಮ ಮಾವಾರ ಬರಕೊಟ್ಟಾರ್ರಿ. ಅವರು ನನ್ನ ಮಾಸ್ತರು. ಅವರು ಬರದದ್ದು ನಾ ತಿದ್ದೂದಿಲ್ಲ. ಸಾಲ್ಯಾಗ ಒಮ್ಮಿ ತಿದ್ದಿ ಬಡಿಸ್ಕೊಂಡೀನಿ."

"ಹವಾಲ್ದಾರ ಅಂತ ಹಾಕಬೇಕಾಗಿತ್ತರಿ."

"ಹವಾಲ್ದಾರ ಅಂದ್ರ ಮಂದಿ ಠಾಣೇದವ ಅನ್ಕೋತಾರ. ಲಗ್ನಕ್ಕ ಬರೂದ ಬಿಡ್ತಾರ. ಅದೂ ಅಲ್ದ, ಹೋದ ಸಲದ ಪತ್ರಿಕ್ಯಾಗ ನೀವು ಕ್ಯಾಪ್ಟನ್ ಇದ್ದೀರಿ. ಈಗ ಕೆಳಗ ಇಳಿಸಿದ್ರ ಬೀಗರ ಮುಂದ ಚಂದ ಕಾಣ್ತೈತೇನ್ರಿ?"

ಹೋದ ಸಲದ ಸುದ್ದಿ ನನಗೆ ಗೊತ್ತೇ ಇರಲಿಲ್ಲ. ಸೇನೆ ನನಗೆ ಇಪ್ಪತ್ತೆರಡು ವರ್ಷದಲ್ಲಿ ಮೂರು ಬಡ್ತಿ ಕೊಟ್ಟಿದ್ದರೆ ಮಾವನವರು ಎರಡೇ ಲಗ್ನದಲ್ಲಿ ನನ್ನನ್ನು ಮೇಜರ್ ಮಾಡಿ ಮುಗಿಸಿದ್ದರು.

ಮದುವೆಯ ದಿನ ಗಂಡಸರಿಗೆಲ್ಲ ರುಮಾಲು ಸುತ್ತಿದರು. ಮಂಟಪದ ಬಾಗಿಲಲ್ಲಿ ನಿಂತಿದ್ದೆ. ಗಂಡಿನ ಕಡೆಯಿಂದ ಒಬ್ಬ ಹಿರಿಯರು ಪತ್ರಿಕೆ ಹಿಡಿದುಕೊಂಡು ನೆಟ್ಟಗೆ ನನ್ನ ಮುಂದೆ ಬಂದು, ಹಿಮ್ಮಡಿ ಕೂಡಿಸಿ, "ನಿವೃತ್ತ ಸುಬೇದಾರ್, ಜೈಹಿಂದ್ ಸಾಬ್" ಎಂದು ಸೆಲ್ಯೂಟ್ ಹೊಡೆದರು. ನಿಜವಾದ ಸುಬೇದಾರ್ ಎದುರಿಗಿದ್ದರೆ ಹವಾಲ್ದಾರನ ಕೈ ತಾನೇ ಮೇಲೇಳುತ್ತದೆ, ನಾನೂ ಹೊಡೆದೆ. ಮೇಲಿನವರು ಕೈ ಇಳಿಸಿದ ಮೇಲೆಯೇ ಕೆಳಗಿನವರು ಇಳಿಸಬೇಕು. ಮೇಜರ್ ಇಳಿಸಲಿ ಎಂದು ಅವರು ಕಾದರು. ಸುಬೇದಾರರು ಇಳಿಸಲಿ ಎಂದು ನಾನು ಕಾದೆ. ಅಷ್ಟರಲ್ಲಿ ಅಕ್ಷತೆಯೂ ಬಿತ್ತು. ಆ ಮದುವೆಯ ಆಲ್ಬಮ್ಮಿನಲ್ಲಿ ಯಾವ ಫೋಟೋ ತೆಗೆದು ನೋಡಿದರೂ ಮದುಮಕ್ಕಳ ಹಿಂದೆ ನಾವಿಬ್ಬರೂ ಕೈಯೆತ್ತಿಕೊಂಡು ನಿಂತಿದ್ದೇವೆ.

ಯಾರು ಹ್ವಾದ್ರು?

ಓಟದ ಪರೀಕ್ಷೆ ಐದು ಕಿಲೋಮೀಟರಿನದು. ಮದುವೆಯ ಮರುದಿನ ಬೆಳಿಗ್ಗೆಯೇ ಬೂಟು ಹಾಕಿಕೊಂಡು ಗುಡೂರಿನಿಂದ ಇಳಕಲ್ ಕಡೆಯ ರಸ್ತೆ ಹಿಡಿದೆ. ನಮ್ಮ ಕಡೆಯ ಮಂದಿಗೆ ಮನುಷ್ಯ ಕಾರಣವಿಲ್ಲದೆ ಓಡುತ್ತಾನೆ ಎಂಬುದು ನಂಬಿಕೆಯಾಗದ ಮಾತು. ಓಡುವವನನ್ನು ಕಂಡೂ ನಿಲ್ಲಿಸದೆ ಹೋಗುವುದು ಮರ್ಯಾದೆಯೂ ಅಲ್ಲ.

ಅರ್ಧ ಕಿಲೋಮೀಟರಿಗೆ ಒಂದು ಬೈಕು ನಿಂತಿತು. ಊರಿನ ಕಾಕಾ ಒಬ್ಬರು.

"ಬಸ್ ತಪ್ಪಿತೇನಪಾ? ಹತ್ತು."

"ಇಲ್ಲ ಕಾಕಾ, ಹಂಗ ಓಡಾಕತ್ತೀನಿ."

"ಹಂಗ ಯಾಕ ಓಡ್ತಿ? ಹಿಂದ ಜಾಗಾ ಖಾಲಿನ ಐತಲ್ಲ."

ನಾನು ಹತ್ತಲಿಲ್ಲ. ಅವರಿಗೆ ಬೇಜಾರಾಯಿತು. ನನ್ನ ಪಕ್ಕದಲ್ಲೇ ಓಟದ ವೇಗಕ್ಕೆ ಬೈಕು ನಡೆಸುತ್ತ, ನಮ್ಮಪ್ಪ ಇದ್ದಾಗ ಎಷ್ಟು ಸಲ ಅದೇ ಗಾಡಿಯ ಮೇಲೆ ಕೂತಿದ್ದರೆಂದು ನೆನಪಿಸುತ್ತ ಎರಡು ಹೊಲ ದಾಟುವವರೆಗೂ ಬಂದರು. ಆಮೇಲೆ ಒಂದು ಟ್ರ್ಯಾಕ್ಟರ್ ನಿಂತಿತು. ಆಮೇಲೆ ಹಾಲಿನವರ ಗಾಡಿ. ಮೂರು ಕಿಲೋಮೀಟರ್ ಮುಗಿಯುವಷ್ಟರಲ್ಲಿ ನಾನು ಓಡಿದ್ದಕ್ಕಿಂತ ಒಲ್ಲೆ ಎಂದದ್ದೇ ಹೆಚ್ಚಾಗಿತ್ತು.

ತಿರುಗಿ ಬರುವಾಗ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಮುದುಕಿ ಎದುರಾದಳು. ನನ್ನ ಮುಖ ನೋಡಿ "ಯವ್ವಾ, ಯಾರಿಗೆ ಏನಾತೋ ತಮ್ಮಾ?" ಎಂದಳು. ನನಗೆ ಏದುಸಿರು, ಬಾಯಿಂದ ಮಾತು ಹೊರಡಲಿಲ್ಲ. ಏನೂ ಇಲ್ಲ ಎಂದು ಕೈಯಾಡಿಸಿ ಮುಂದೆ ಹೋದೆ. ಆಕೆ ಹೊರೆ ಇಳಿಸಿ ಸೆರಗು ಬಾಯಿಗಿಟ್ಟುಕೊಂಡದ್ದು ಆಗ ನನಗೆ ಅರ್ಥವಾಗಲಿಲ್ಲ.

ಆಕೆ ಯಾವುದೋ ಬೈಕಿನವರ ಕೈಯಲ್ಲಿ ಕಳಿಸಿದ ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು; ಮನೆ ಮುಟ್ಟಿದಾಗ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ತಲೆ ತಗ್ಗಿಸಿ ಕೂತಿದ್ದರು. ಓಣಿಯ ಹಿರಿಯರು ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಧೈರ್ಯಾ ತಗೋಪಾ. ಯಾರು ಹ್ವಾದ್ರು?"

ಹೆಂಡತಿ ಎಲ್ಲರಿಗೂ ಚಹಾ ಕೊಡುತ್ತಿದ್ದಳು, ಅವಳ ಕಣ್ಣಲ್ಲೂ ನೀರು. ನನ್ನ ಹತ್ತಿರ ಬಂದು ಮೆಲ್ಲಗೆ, "ನನಗರ ಹೇಳ್ರಿ, ಯಾರಂತ ಗೊತ್ತಿಲ್ದನ ಅಳಾಕತ್ತೀನಿ" ಎಂದಳು.

ಯಾರೂ ಹೋಗಿಲ್ಲ, ನಾನು ಓಡಿದ್ದು ಬಡ್ತಿಗಾಗಿ ಎಂದು ಬಿಡಿಸಿ ಹೇಳಿದೆ. ಬಂದವರಿಗೆ ಅನ್ಯಾಯವಾದಂತೆ ಕಂಡಿತು. ಆ ಹಿರಿಯರು ಚಹಾ ಮುಗಿಸಿ ಕಪ್ಪು ಕೆಳಗಿಟ್ಟು ಕೇಳಿದರು: "ಇಪ್ಪತ್ತೆರಡು ವರ್ಷ ಓಡಿದ್ರೂ ಸಿಕ್ಕಿಲ್ಲಂದ್ರ, ಬಡ್ತಿ ನಿನಗಿಂತ ಜೋರ್ ಓಡತೈತೇನೋ?"

ಅವರೆಲ್ಲ ಎದ್ದು ಹೋದ ಮೇಲೆ ಹೆಂಡತಿ ಕಣ್ಣೊರೆಸಿಕೊಂಡು, "ನಾಳೇನೂ ಓಡೂದಿದ್ರ ಈಗ ಹೇಳ್ರಿ. ಹಾಲು ಹೆಚ್ಚಿಗಿ ತರಸ್ಬೇಕಾಗ್ತೈತಿ" ಎಂದಳು.

ಚೊಳಚಗುಡ್ಡದ ಮೂರು ತಗ್ಗು

ಗುಡೂರಿನಲ್ಲಿ ಓಡಲು ಬಿಡರು, ನಕಾಶೆಯನ್ನಾದರೂ ಶಾಂತಿಯಿಂದ ಓದೋಣವೆಂದು ಚೊಳಚಗುಡ್ಡಕ್ಕೆ ಅಕ್ಕನ ಮನೆಗೆ ಹೋದೆ. ಬಾದಾಮಿ ಪಕ್ಕದ ಊರು, ಸುತ್ತಲೂ ಕೆಂಪು ಕಲ್ಲಿನ ಗುಡ್ಡ. ನಕಾಶೆಯ ಪರೀಕ್ಷೆಯಲ್ಲಿ ಮೊದಲು ಎರಡು ಸಲ ನಾನು ದಾರಿ ತಪ್ಪಿದ್ದೆ. ಕಂಪಾಸು ಹೇಳಿದ ದಿಕ್ಕಿಗೇ ನಡೆದೆನೆಂದು ನಾನು ಅನ್ನುತ್ತಿದ್ದೆ, ಕವಾಯತು ಕಲಿಸುವ ಉಸ್ತಾದರು ಒಪ್ಪುತ್ತಿರಲಿಲ್ಲ.

ಸೇನೆಯ ನಕಾಶೆ ಮನೆಗೆ ತರುವಂತಿಲ್ಲ. ನಾನೇ ಒಂದು ಹಾಳೆಯ ಮೇಲೆ ಗುಡ್ಡ, ಬೇವಿನಮರ, ಬಾವಿ ಬರೆದುಕೊಂಡು ಸಣ್ಣ ಕಂಪಾಸು ಹಿಡಿದು ಅಕ್ಕನ ಗಂಡನ ಬೀಳು ಹೊಲಕ್ಕೆ ಹೋದೆ. ಮಾಡುವ ಕ್ರಮ ಹೀಗೆ: ಒಂದು ಬಂಡೆಯ ಮೇಲೆ ನಿಂತು ಕಂಪಾಸಿನಿಂದ ದಿಕ್ಕು ಹಿಡಿಯಬೇಕು. ಆ ದಿಕ್ಕಿಗೆ ಗಟ್ಟಿಯಾಗಿ ಹೆಜ್ಜೆ ಎಣಿಸುತ್ತ ನಡೆಯಬೇಕು. ಲೆಕ್ಕ ತಪ್ಪದಂತೆ ನೂರು ಹೆಜ್ಜೆಗೊಮ್ಮೆ ನಿಂತು ಒಂದು ಕಲ್ಲು ಆರಿಸಿ ಜೇಬಿಗೆ ಹಾಕಿಕೊಳ್ಳಬೇಕು. ಇದು ಸೇನೆಯಲ್ಲಿ ಎಲ್ಲರೂ ಮಾಡುವ ಕೆಲಸ. ಬಾದಾಮಿ ಸೀಮೆಯಲ್ಲಿ ಹಾಳೆ ನೋಡುತ್ತ, ಹೆಜ್ಜೆ ಎಣಿಸುತ್ತ, ನೆಲದಿಂದ ಏನನ್ನೋ ಹೆಕ್ಕಿ ಜೇಬಿಗೆ ಹಾಕುವವನನ್ನು ಏನೆಂದು ತಿಳಿಯುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ.

ಸಂಜೆ ಅಕ್ಕನ ಮನೆಗೆ ಪಕ್ಕದ ಹೊಲದ ಅಜ್ಜ ಬಂದು ನನ್ನ ಪಕ್ಕಕ್ಕೆ ಒತ್ತಿ ಕೂತ.

"ಮಿಲಿಟರ‍್ಯಾಗ ಮಶಿನ್ ಕೊಟ್ಟಾರಂತಲ್ಲ? ಬಂಗಾರ ಇದ್ದಲ್ಲಿ ಮುಳ್ಳು ತಿರಗ್ತೈತಂತ?"

"ಅದು ಕಂಪಾಸ್ ಅಜ್ಜಾ. ಬಡಗ ದಿಕ್ಕು ತೋರಸ್ತೈತಿ, ಅಷ್ಟ."

"ಬಡಗ ದಿಕ್ಕಿನ ಕಡೇನ ಐತಿ ಅನ್ನು."

ನಾನು ಓಟ, ಪರೀಕ್ಷೆ, ಬಡ್ತಿ ಎಂದು ಎಲ್ಲವನ್ನೂ ಹೇಳಿದೆ. ಅಜ್ಜ ತಾಳ್ಮೆಯಿಂದ ಕೇಳಿ, ನಗುತ್ತ ಎದ್ದ. "ಹೇಳಬ್ಯಾಡ ಬಿಡು. ಇಂಥಾವು ಯಾರೂ ಹೇಳೂದಿಲ್ಲ."

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದರೆ ನಾನು ನಿಂತು ಕಲ್ಲು ಹೆಕ್ಕಿದ ಕಡೆಯೇ ಸೊಂಟದ ಮಟ್ಟಕ್ಕೆ ಮೂರು ತಗ್ಗು. ಯಾರು ತೋಡಿದರೋ ಗೊತ್ತಿಲ್ಲ, ಅಳತೆ ಮಾತ್ರ ಹೆಜ್ಜೆ ತಪ್ಪದಂತೆ ಹಿಡಿದಿದ್ದರು. ಬಂಡೆಯ ಮೇಲೆ ಹತ್ತಿ ನೋಡಿದೆ. ಮೂರೂ ಒಂದೇ ಗೆರೆಯಲ್ಲಿರಬೇಕಾಗಿತ್ತು. ಒಂದಕ್ಕಿಂತ ಒಂದು ಬಲಕ್ಕೆ ಬಲಕ್ಕೆ ಸರಿದಿದ್ದವು. ಕಲ್ಲು ಹೆಕ್ಕಲು ಬಗ್ಗಿ ಏಳುವಾಗಲೆಲ್ಲ ನಾನು ಬಲಕ್ಕೆ ಹೊರಳಿ ನಿಲ್ಲುತ್ತಿದ್ದೆ. ಉಸ್ತಾದರು ಎರಡು ಸಲ ಹೇಳಿದರೂ ನಂಬದ ತಪ್ಪನ್ನು ಊರವರು ತೋಡಿ ತೋರಿಸಿದ್ದರು. ಅಂದಿನಿಂದ ಕಲ್ಲು ಹೆಕ್ಕುವುದು ಬಿಟ್ಟು ದಾರಕ್ಕೆ ಗಂಟು ಹಾಕುವುದು ಕಲಿತೆ.

ಹೊಲ ಹಾಳಾಯಿತಲ್ಲ ಎಂದು ಅಕ್ಕನ ಗಂಡನಿಗೆ ತಪ್ಪೊಪ್ಪಿಕೊಳ್ಳಲು ಹೋದೆ. ಅವರು ತಗ್ಗಿನೊಳಗೆ ಬಗ್ಗಿ ನೋಡಿ ಖುಷಿಯಾಗಿ, "ಹಾಳಾಗ್ಲಿಲ್ಲೋ. ಇಲ್ಲಿ ನಿಂಬಿ ಗಿಡಾ ಹಚ್ಚೋದೈತಿ. ನಾಳೆ ಬಾಂವಿ ಕಡೆಯಿಂದ ಹಿಡದು ಹನ್ನೆರಡ್ ಹನ್ನೆರಡ್ ಹೆಜ್ಜಿಗೆ ಒಂದೊಂದ ಕಲ್ಲು ಕಿಸೇಕ ಹಾಕ್ಕೋತ ಬಾ. ಒಟ್ಟ ನಲವತ್ತು ಗಿಡಾ ಅದಾವ" ಎಂದರು.

ಮಾವನವರ ಬಾಯಾರಿಕೆ

ರಜೆ ಮುಗಿಯಲು ನಾಲ್ಕು ದಿನವಿತ್ತು. ಹುನಗುಂದಕ್ಕೆ ಹೋಗಿ ಮಾವನವರ ಕಾಲಿಗೆ ನಮಸ್ಕಾರ ಮಾಡಿದೆ.

"ಅಳ್ಯಾರ, ಓಟ, ಪರೀಕ್ಷಾ ಎಲ್ಲಾ ಖರೆ. ಆದ್ರ ಮ್ಯಾಲಿಂದ ಒಂದು ಪತ್ರ ಬೇಕಾಗ್ತೈತಿ. ಪತ್ರ ಇಲ್ದ ಆದ ಬಡ್ತಿ ನನ್ನ ಸರ್ವಿಸ್‌ದಾಗ ನಾ ನೋಡಿಲ್ಲ."

ಸೇನೆಯಲ್ಲಿ ಅದು ತಲೆಕೆಳಗು ಎಂದು ವಿವರಿಸಿದೆ. ಹೊರಗಿನವರಿಂದ ವಶೀಲಿ ಹಚ್ಚಿಸಿದರೆ ಅದೇ ಒಂದು ಅಪರಾಧ. ದಾಖಲೆಯಲ್ಲಿ ಕೆಂಪು ಶಾಯಿಯಿಂದ ಬರೆಯುತ್ತಾರೆ, ಕೆಂಪು ಶಾಯಿ ಬಿದ್ದವನಿಗೆ ನಕ್ಷತ್ರ ಕನಸಿನ ಮಾತು. ಮಾವನವರು ಎಲ್ಲವನ್ನೂ ತಲೆಯಾಡಿಸುತ್ತ ಕೇಳಿ "ಆತು ಬಿಡ್ರಿ" ಎಂದರು. ಹಿಂದಿನ ಬೆಂಚಿನ ವಿದ್ಯಾರ್ಥಿಗಳು ಹೀಗೆಯೇ ತಲೆಯಾಡಿಸುವುದನ್ನು ಅವರು ಜೀವಮಾನವೆಲ್ಲ ನೋಡಿದವರು, ಆ ವಿದ್ಯೆ ಅವರಿಗೂ ಬಂದಿತ್ತು.

ಮರುದಿನ, ಬಾಗಲಕೋಟೆಯಲ್ಲಿ ಬೀಗರೊಬ್ಬರಿಗೆ ಕಣ್ಣಿನ ಆಪರೇಶನ್ ಆಗಿದೆ, ಮಾತಾಡಿಸಿ ಬರೋಣ ಎಂದು ಬಸ್ಸು ಹತ್ತಿಸಿದರು. ನವನಗರದಲ್ಲಿ ಇಳಿದು ಒಂದು ಮನೆಯ ಮುಂದೆ ನಿಂತೆವು. ಪಡಸಾಲೆಯ ತುಂಬ ಬೆಂಚು, ಬೆಂಚಿನ ತುಂಬ ಅರ್ಜಿ ಹಿಡಿದ ಮಂದಿ. ಅದು ಒಬ್ಬ ರಾಜಕೀಯ ಮುಂದಾಳಿನ ಕಚೇರಿ. ಅಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿದವರು ಯಾರೂ ಇರಲಿಲ್ಲ.

ಕಂಪ್ಯೂಟರಿನ ಮುಂದೆ ಕೂತಿದ್ದ ಆಪ್ತ ಸಹಾಯಕ ಮಾವನವರನ್ನು ನೋಡಿ ಎದ್ದು ನಿಂತ. ಅವನೂ ಅವರ ಶಿಷ್ಯನೇ.

"ಬರ್ರಿ ಸರ್. ಇವರು ಯಾವ ಸಾಲ್ಯಾಗ ಅದಾರ್ರಿ?"

"ಸಾಲ್ಯಾಗ ಅಲ್ಲೋ. ಮಿಲಿಟರ‍್ಯಾಗ. ಬಡ್ತಿ ಆಗಬೇಕಾಗೈತಿ."

ಅವನು ತಲೆ ಕೆರೆದುಕೊಂಡ. "ನಮ್ಮ ಕಡೆ ಶಿಫಾರಸ ಪತ್ರದ್ದು ಮೂರ ನಮೂನಿ ಅದಾವ್ರಿ ಸರ್. ಮಾಸ್ತರ‍್ರದು ಒಂದು, ಹಾಸ್ಟೆಲ್ ಸೀಟಿಂದು ಒಂದು, ಬೋರ್‌ವೆಲ್‌ದು ಒಂದು. ಮಿಲಿಟರೀದು ಇಲ್ಲಿತನಾ ಯಾರೂ ಕೇಳಿಲ್ಲ."

"ಇಲ್ಲದಿದ್ರ ಭಾಳ ಚಲೋ ಆತ್ರಿ" ಎಂದು ನಾನು ಕೈ ಮುಗಿದು, ಮಾವನವರ ರಟ್ಟೆ ಹಿಡಿದು ಎಬ್ಬಿಸಿದೆ. ಇಂಥ ಪತ್ರ ಹೋದರೆ ನನ್ನ ನೌಕರಿಗೇ ಕುತ್ತು ಎಂದು ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದೆ. ಮಾವನವರು ಶಾಂತವಾಗಿ, "ನೀವು ಮುಂದ ನಡೀರಿ ಅಳ್ಯಾರ, ನಾ ನೀರು ಕುಡದು ಬರ್ತೇನಿ" ಎಂದರು.

ನಾನು ಹೊರಗೆ ನಿಂತು ಎರಡು ಚಹಾ ಕುಡಿದೆ, ಒಂದು ಪತ್ರಿಕೆ ಪೂರ್ತಿ ಓದಿದೆ. ತಿರುಗಿ ಬರುವಾಗ ಬಸ್ಸಿನಲ್ಲಿ "ಕಣ್ಣಿನ ಆಪರೇಶನ್ ಆದವ್ರು ಎಲ್ಲಿರಿ ಮಾವಾರ?" ಎಂದು ಕೇಳಿದೆ. "ಅವರು ಈಗ ಆರಾಮ ಅದಾರ" ಎಂದು ಕಿಟಕಿಯ ಹೊರಗೆ ನೋಡತೊಡಗಿದರು. ನೀರು ಕುಡಿಯಲು ಅಷ್ಟು ಹೊತ್ತು ಹಿಡಿಯುವವರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಕನ್ನಡ ಬಲ್ಲವರು

ಘಟಕಕ್ಕೆ ಮರಳಿದೆ. ಓಟ ಪಾಸಾಯಿತು, ಕವಾಯತು ಪಾಸಾಯಿತು. ನಕಾಶೆಯ ಪರೀಕ್ಷೆಯಲ್ಲಿ ದಾರದ ಗಂಟು ಎಣಿಸುತ್ತ ಹೋಗಿ ಗುರುತಿನ ಮರಕ್ಕೇ ಮೂಗು ತಾಗಿಸಿದೆ. ಉಸ್ತಾದರು "ಎಲ್ಲಿ ಕಲಿತೆ?" ಎಂದರು. "ನಿಂಬಿ ತೋಟದಾಗ" ಎಂದು ಹೇಳಿದರೆ ಅವರಿಗೆ ತಿಳಿಯುತ್ತಿರಲಿಲ್ಲ. ಇನ್ನು ಉಳಿದದ್ದು ಆಯ್ಕೆ ಮಂಡಳಿಯ ತೀರ್ಮಾನ ಒಂದೇ.

ಅದಕ್ಕೆ ಒಂದು ವಾರ ಮೊದಲು ಕಮಾಂಡಿಂಗ್ ಸಾಹೇಬರಿಂದ ಕರೆ ಬಂತು. ಒಳಗೆ ಹೋಗಿ ಸೆಲ್ಯೂಟ್ ಮಾಡಿದೆ. ಮೇಜಿನ ಮೇಲೆ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದ ಉದ್ದನೆಯ ಲಕೋಟೆ, ಮೇಲೆ ದುಂಡನೆಯ ನೀಲಿ ಮೊಹರು. ಒಳಗಿನಿಂದ ತೆಗೆದ ಪತ್ರ ಬಿಡಿಸಿಟ್ಟಿತ್ತು. ಮೊಹರು ನವನಗರದ ಆ ಕಚೇರಿಯದೇ.

"ಹವಾಲ್ದಾರ್, ಇದು ನಿಮ್ಮ ಭಾಷೆಯಲ್ಲಿದೆ. ಓದಲು ಬರುವವರು ಇಬ್ಬರೇ, ಅಡುಗೆಯವನು ರಜೆ ಮೇಲಿದ್ದಾನೆ. ಓದಿ ಅರ್ಥ ಹೇಳು" ಎಂದು ಸಾಹೇಬರು ಹಿಂದಿಯಲ್ಲಿ ಹೇಳಿದರು.

ಪತ್ರ ಕೈಗೆತ್ತಿಕೊಂಡೆ. ಮೊದಲ ಸಾಲಿನಲ್ಲೇ ನನ್ನ ಹೆಸರು. ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು, ಅಡುಗೆಯವನು ಬರಲು ಇನ್ನೂ ಇಪ್ಪತ್ತು ದಿನವಿತ್ತು. ಟ್ರಂಕಿನಲ್ಲಿದ್ದ ಸೀರೆ ಕಣ್ಣ ಮುಂದೆ ಬಂತು. ಸುಳ್ಳು ಹೇಳಿ ಪಡೆದ ನಕ್ಷತ್ರವನ್ನು ಅವಳ ಕೈಯಿಂದ ಹಚ್ಚಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಇದ್ದದ್ದು ಇದ್ದಂತೆ ಓದಿ, ಸಾಲಿಗೊಮ್ಮೆ ಹಿಂದಿಯಲ್ಲಿ ಹೇಳತೊಡಗಿದೆ.

"ಮಾನ್ಯರೇ, ತಮ್ಮಲ್ಲಿ ತಿಳಿಯಪಡಿಸುವುದೇನೆಂದರೆ, ಸದರಿ ಶಿಕ್ಷಕರು ಕಳೆದ ಇಪ್ಪತ್ತೆರಡು ವರ್ಷಗಳಿಂದ ತಮ್ಮ ಅಧೀನದಲ್ಲಿ ಸಹಶಿಕ್ಷಕರಾಗಿ ಸೇವೆ ಸಲ್ಲಿಸುತ್ತಿದ್ದು..."

ನಾನು ನಿಂತುಬಿಟ್ಟೆ.

"ಮುಂದೆ?" ಎಂದರು ಸಾಹೇಬರು.

"...ಪಾಠಬೋ‍ಧನೆಯಲ್ಲಿ ನುರಿತವರೂ ಬಿಸಿಯೂಟದ ಉಸ್ತುವಾರಿಯಲ್ಲಿ ದಕ್ಷರೂ ಆಗಿರುತ್ತಾರೆ. ಕಾರಣ ಸದರಿಯವರನ್ನು ಮುಖ್ಯೋಪಾಧ್ಯಾಯರ ಹುದ್ದೆಗೆ ಬಡ್ತಿಗೊಳಿಸಿ, ಹುನಗುಂದ ತಾಲೂಕಿನ ಯಾವುದಾದರೂ ಖಾಲಿ ಶಾಲೆಗೆ ನಿಯುಕ್ತಿಗೊಳಿಸಲು ಕೋರಲಾಗಿದೆ."

ಆ ಮೂರು ನಮೂನೆಗಳಲ್ಲಿ ನನಗೆ ಹತ್ತಿರದ್ದು ಯಾವುದೆಂದು ಗುರುಶಿಷ್ಯರು ಯೋಚಿಸಿ ಆರಿಸಿದ್ದರು. ಬೋರ್‌ವೆಲ್ ಆರಿಸಲಿಲ್ಲವೆಂಬುದೇ ನನ್ನ ಪುಣ್ಯ.

ಸಾಹೇಬರು ನನ್ನನ್ನು ಬಹಳ ಹೊತ್ತು ನೋಡಿದರು. "ನೀನು ಮೇಷ್ಟ್ರೇ?"

"ಅಲ್ಲ ಸಾಬ್. ನನ್ನ ಮಾವನವರು ಆಗಿದ್ದರು." ಆಮೇಲೆ ನವನಗರದ ಕಥೆಯನ್ನು, ನೀರು ಕುಡಿದದ್ದನ್ನೂ ಸೇರಿಸಿ, ಒಂದನ್ನೂ ಬಿಡದೆ ಹೇಳಿದೆ. ನಾನು ಬೇಡವೆಂದದ್ದನ್ನೂ ಹೇಳಿದೆ. ಕೆಂಪು ಶಾಯಿಯ ಪೆನ್ನು ಅವರ ಕೈಗೆ ಹತ್ತಿರವೇ ಇತ್ತು, ನಾನು ಅದನ್ನೇ ನೋಡುತ್ತಿದ್ದೆ.

ಸಾಹೇಬರ ಮೀಸೆ ಸ್ವಲ್ಪ ಅಲುಗಿತು. "ನನ್ನ ಘಟಕದಲ್ಲಿ ಹೆಡ್‌ಮಾಸ್ತರ್ ಹುದ್ದೆ ಇಲ್ಲ. ಇಲ್ಲದ ಹುದ್ದೆಗೆ ಒತ್ತಡ ತಂದರೆ ಅದು ಒತ್ತಡವಲ್ಲ. ಪತ್ರ ವಿಳಾಸ ತಪ್ಪಿ ಬಂದಿದೆ" ಎಂದು ಗುಮಾಸ್ತನನ್ನು ಕರೆದು, ಸೂಕ್ತ ಇಲಾಖೆಗೆ ಮುಂದಿನ ಕ್ರಮಕ್ಕಾಗಿ ಕಳುಹಿಸಲು ಹೇಳಿದರು. ನನಗೆ ಹೋದ ಜೀವ ಬಂದಂತಾಯಿತು. ಸೆಲ್ಯೂಟ್ ಮಾಡಿ ಹೊರಳಿದೆ.

"ನಿಲ್ಲು" ಎಂದರು. "ಬಿಸಿಯೂಟದಲ್ಲಿ ದಕ್ಷ ಎಂದು ಬರೆದಿದೆಯಲ್ಲ? ಅಡುಗೆಯವನು ಬರುವವರೆಗೆ ಲಂಗರಿನ ಅಡುಗೆಮನೆಯ ಉಸ್ತುವಾರಿ ನಿನ್ನದೇ."

ಹಾಜರಿ ಪುಸ್ತಕ

ಇಪ್ಪತ್ತು ದಿನ ಇನ್ನೂರು ಮಂದಿಗೆ ದಾಲು, ರೊಟ್ಟಿ ಮಾಡಿಸಿದೆ. ಹದಿನೈದನೆಯ ದಿನ ಹಿಟ್ಟಿನ ಕೈಯಲ್ಲಿದ್ದಾಗ ಗುಮಾಸ್ತ ಓಡಿಬಂದು ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದ. ನಾನು ಒಲೆಯ ಕಡೆ ಮುಖ ಮಾಡಿ ಅತ್ತೆ. ಹೊಗೆ ಎಂದು ಎಲ್ಲರೂ ತಿಳಿದರು.

ಹೆಂಡತಿ ರೈಲು ಹತ್ತಿ ಬಂದಳು. ಸೀರೆಯ ಮೇಲೆ ಹದಿನಾರು ವರ್ಷದ ಮಡಿಕೆಗಳು ಚೌಕ ಚೌಕವಾಗಿ ಮೂಡಿದ್ದವು, ಇಸ್ತ್ರಿಗೂ ಹೋಗಿರಲಿಲ್ಲ. ಬಲಭುಜಕ್ಕೆ ಸಾಹೇಬರು ಹಚ್ಚಿದರು, ಎಡಭುಜಕ್ಕೆ ಅವಳು. ಅವಳು ಹಚ್ಚಿದ ಪಿನ್ನು ನನ್ನ ಭುಜಕ್ಕೇ ಚುಚ್ಚಿತು. ನಾನು ಅಲುಗಲಿಲ್ಲ. "ನೂಸ್ತೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. "ನನಗ ಹದಿನಾರು ವರ್ಷ ನೂಸಿತ್ತರಿ" ಎಂದು ಕಿವಿಯ ಹತ್ತಿರ ಹೇಳಿದಳು. ಆ ವಿಷಯಕ್ಕೆ ಅವಳು ಆಡಿದ ಒಂದೇ ಮಾತು ಅದು.

ಇಬ್ಬರೂ ಕೂಡಿ ಊರಿಗೆ ಬಂದೆವು. ಹುನಗುಂದದಲ್ಲಿ ಮಾವನವರ ಮನೆ ತುಂಬಿತ್ತು, ಅವರ ಮಾತಿನಂತೆ ನಾನು ಸಮವಸ್ತ್ರದಲ್ಲೇ ಹೋಗಿದ್ದೆ. ಇಳಕಲ್ಲಿನ ಪ್ರೆಸ್ಸಿನ ಚಾಚಾ ಬಂದಿದ್ದರು, ಗುಡೂರಿನ ಹಿರಿಯರು ಬಂದಿದ್ದರು. ಮಾವನವರು ಬಂದವರಿಗೆಲ್ಲ ಆ ಪತ್ರದ ಝೆರಾಕ್ಸ್ ಪ್ರತಿ ತೋರಿಸುತ್ತಿದ್ದರು. "ಓಟಾ, ಪರೀಕ್ಷಾ ಎಲ್ಲಾರೂ ಮಾಡ್ತಾರ. ಕೆಲಸಾ ಆಗಿದ್ದು ಇದರಿಂದ." ಮಗ ಫೌಜಿನಲ್ಲಿದ್ದ ಇಬ್ಬರು ತಂದೆಯರು ಅದರ ಫೋಟೋ ತೆಗೆದುಕೊಂಡರು. ನಾನು ಸಾಹೇಬರ ಕೋಣೆಯಲ್ಲಿ ನಡೆದದ್ದನ್ನು ಹೇಳಹೋದೆ, ಹೆಂಡತಿ ಕಣ್ಸನ್ನೆ ಮಾಡಿ ತಡೆದಳು. ಮುದುಕರ ಸಂತೋಷ, ಇರಲಿ ಎಂದು ಸುಮ್ಮನಾದೆ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅಂಚೆಯಣ್ಣ ಬಂದು ನನ್ನ ಹೆಸರು ಕೂಗಿ ಸಹಿ ಹಾಕಿಸಿಕೊಂಡ. ಸರಕಾರಿ ಲಕೋಟೆ, ಆ ಪತ್ರದಲ್ಲಿ ಕೊಟ್ಟಿದ್ದ ಮಾವನವರ ವಿಳಾಸಕ್ಕೇ ಬಂದದ್ದು. "ನೋಡ್ರಿ, ಅಭಿನಂದನಾ ಪತ್ರ ಬಂತು" ಎಂದು ಮಾವನವರು ನನ್ನ ಕೈಯಿಂದ ಕಸಿದುಕೊಂಡು, ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ತರಗತಿಯ ದನಿಯಲ್ಲಿ ಓದತೊಡಗಿದರು.

"ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಹುನಗುಂದ. ಕಾರಣ ಕೇಳುವ ನೋಟೀಸು. ಸೇನಾ ಘಟಕದಿಂದ ಈ ಕಚೇರಿಗೆ ಮುಂದಿನ ಕ್ರಮಕ್ಕಾಗಿ ಸ್ವೀಕೃತವಾದ ಪತ್ರದಿಂದ, ತಾವು ಇಪ್ಪತ್ತೆರಡು ವರ್ಷಗಳಿಂದ ಸಹಶಿಕ್ಷಕರಾಗಿರುವುದು ತಿಳಿದುಬಂದಿರುತ್ತದೆ. ಸದರಿ ಅವಧಿಯಲ್ಲಿ ತಾಲೂಕಿನ ಯಾವುದೇ ಶಾಲೆಯ ಹಾಜರಿ ಪುಸ್ತಕದಲ್ಲಿ ತಮ್ಮ ಸಹಿ ಕಂಡುಬಂದಿರುವುದಿಲ್ಲ. ಈ ಅನಧಿಕೃತ ಗೈರುಹಾಜರಿಗಾಗಿ ತಮ್ಮ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಖುದ್ದು ಹಾಜರಾಗಿ ಉತ್ತರಿಸತಕ್ಕದ್ದು. ಬರುವಾಗ ತಮ್ಮ ಉಸ್ತುವಾರಿಯಲ್ಲಿರುವ ಬಿಸಿಯೂಟದ ಪಾತ್ರೆಗಳನ್ನು ತಂದೊಪ್ಪಿಸತಕ್ಕದ್ದು."

ಚಾಚಾ ಗೋಡೆಯ ಕಡೆ ತಿರುಗಿದರು, ಅವರ ಹೆಗಲು ಕುಣಿಯುತ್ತಿತ್ತು. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಈಗಲಾದರೂ ಮಾವನವರಿಗೆ ತಮ್ಮ ಪತ್ರ ಏನು ಮಾಡಿತೆಂದು ತಿಳಿಯಿತಲ್ಲ, ಇನ್ನು ನೊಂದುಕೊಳ್ಳುತ್ತಾರೆ, ಸಮಾಧಾನ ಹೇಳಬೇಕು ಎಂದು ನಾನು ಹತ್ತಿರ ಹೋದೆ.

ಅವರು ನೋಟೀಸನ್ನು ಇನ್ನೊಮ್ಮೆ ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ಓದಿದರು. ಮುಖ ಗಂಭೀರವಾಯಿತು. ಮೂವತ್ತು ವರ್ಷ ಹೆಡ್‌ಮಾಸ್ತರಿಕೆ ಮಾಡಿದ ಕಣ್ಣು ಕನ್ನಡಕದ ಮೇಲಿನಿಂದ ನನ್ನನ್ನು, ಭುಜದ ನಕ್ಷತ್ರದಿಂದ ಕಾಲಿನ ಬೂಟಿನವರೆಗೆ, ನಿಧಾನಕ್ಕೆ ಅಳೆಯಿತು.

"ಏನ್ರಿ ಅಳ್ಯಾರ," ಎಂದರು, "ಇಪ್ಪತ್ತೆರಡು ವರ್ಷದಾಗ ಒಂದರ ರಜಾ ಅರ್ಜಿ ಬರದ ಕೊಡಬಾರದ?"